ಎದುರಾಳಿಯ ಸೆರಗು

ನಾನು ನಿವೃತ್ತನಾದ ಮೇಲೂ ನಮ್ಮ ಸ್ಟುಡಿಯೋದ ಹೊಸ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಹೆಂಡತಿ ಒಗ್ಗರಣೆ ಹಾಕಿಟ್ಟ ಚುರುಮುರಿಯನ್ನು ಡಬ್ಬಿಸಮೇತ ಮುಗಿಸುತ್ತಾರೆ, ಏಳುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ನೀವು ಒಮ್ಮೆನೂ ಹೀರೋನ ಚಿತ್ರ ಯಾಕ ತೆಗೀಲಿಲ್ರಿ?" ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿಯ ಉತ್ತರ ಬರುತ್ತದೆ: "ಅವರ ಕೈಯಾಗ ಹೀರೋ ಬಂದ್ರ ಅವನೂ ಹುಬ್ಬ ಗಂಟ ಹಾಕ್ಕೊಂಡ ನಿಂದರ್ತಾನ."

ಮಾತು ಖರೆ. ಅನಿಮೇಷನ್ ಎಂದರೆ ಬಿಡಿಸಿದ ಚಿತ್ರಕ್ಕೆ ನಡಿಗೆ ಕಲಿಸುವ ಕೆಲಸ. ಅದರಲ್ಲಿ ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ಪಾತ್ರ ಒಪ್ಪಿಸುತ್ತಾರೆ. ನಾಯಕಿ ಒಬ್ಬರ ಪಾಲಿಗೆ, ಕುದುರೆ ಇನ್ನೊಬ್ಬರ ಪಾಲಿಗೆ. ನನ್ನ ಪಾಲಿಗೆ ಬಂದದ್ದು ಮೊದಲಿನಿಂದ ಕೊನೆಯವರೆಗೂ ಎದುರಾಳಿಯೇ. ರಾಕ್ಷಸ, ಮಾಟಗಾತಿ, ಸಿಂಹಾಸನಕ್ಕೆ ಕಣ್ಣು ಹಾಕಿದ ತಮ್ಮ. ಒಂದು ಸಾಬೂನಿನ ಜಾಹೀರಾತಿನಲ್ಲಿ ಅಂಗಿಯ ಕೊಳೆಯನ್ನೂ ನಾನೇ ಬರೆದೆ. ಯಾವ ವರ್ಷ ಏನು ಹುದ್ದೆ ಸಿಕ್ಕಿತು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದರಿಂದ ಯಾರಿಗೂ ಚಿತ್ರ ಬಿಡಿಸಲು ಬರುವುದಿಲ್ಲ.

ಕಲಿತದ್ದು ಹೈದರಾಬಾದಿನಲ್ಲಿ. ಆಗ ಕಂಪ್ಯೂಟರ್ ಇರಲಿಲ್ಲ. ಗಾಜಿನ ಮೇಜು, ಅದರ ಕೆಳಗೊಂದು ದೀಪ, ಮೇಲೆ ತೆಳ್ಳನೆಯ ಕಾಗದ. ರಾಕ್ಷಸ ಒಮ್ಮೆ ತಲೆ ತಿರುಗಿಸಬೇಕೆಂದರೆ ಕಾಗದದ ರಾಶಿ ಬೀಳುತ್ತಿತ್ತು. ಅಲ್ಲಿ ನಮ್ಮ ಮೇಲಿದ್ದ ಹಿರಿಯ ಕಲಾವಿದರೊಬ್ಬರನ್ನು ನಾವು ಗುರೂಜಿ ಎನ್ನುತ್ತಿದ್ದೆವು. ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುವುದು ಅವರ ಚಾಳಿ. ಒಮ್ಮೆ ನಾನು ಬರೆದ ದುಷ್ಟ ಮಂತ್ರಿಯ ಹುಬ್ಬಿನ ಮೇಲೆ ಹೆಬ್ಬೆರಳು ಇಟ್ಟು ಕೇಳಿದರು: "ಈತ ಬೆಳಿಗ್ಗೆ ಏನು ತಿಂದ?" ಗೊತ್ತಿಲ್ಲ ಎಂದೆ. "ಗೊತ್ತಿಲ್ಲ ಅಂದರೆ ನೀನು ಬರೆದದ್ದು ಮನುಷ್ಯನನ್ನಲ್ಲ, ಮುಖವಾಡ. ಕೆಟ್ಟವನಿಗೂ ಹಸಿವು ಆಗುತ್ತದೆ. ಅದು ಗೊತ್ತಾದ ಮೇಲೆ ಹುಬ್ಬು ಬರಿ." ನಾನು ಮಂತ್ರಿಗೆ ಎರಡು ಇಡ್ಲಿ ತಿನ್ನಿಸಿ ಮತ್ತೆ ಬರೆದೆ. ನಗಬೇಡಿ, ಹುಬ್ಬು ನಿಜವಾಗಿಯೂ ಸಡಿಲಾಯಿತು.

ಆಮೇಲೆ ಬಾಗಲಕೋಟೆಯ ನವನಗರದಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸ್ಟುಡಿಯೋ ತೆರೆಯಿತು. ನಾನು ಊರ ಕಡೆ ಮುಖ ಮಾಡಿ ಅಲ್ಲಿಗೆ ಸೇರಿಕೊಂಡೆ. ಕಾಗದ ಹೋಯಿತು, ಪರದೆಯ ಮೇಲೆ ಬರೆಯುವ ಪೆನ್ನು ಬಂತು. ವರ್ಷಗಟ್ಟಲೆ ಬೇರೆಯವರ ಚಿಲ್ಲರೆ ಕೆಲಸ ಮಾಡಿದೆವು. ಕೊನೆಗೆ ಒಂದು ದಿನ ನಮ್ಮದೇ ಒಂದು ಪೂರ್ಣ ಚಿತ್ರ ಮಾಡುವ ಯೋಗ ಕೂಡಿ ಬಂತು. ಈಗ ಹೇಳುವುದು ಆ ಚಿತ್ರದ ಎದುರಾಳಿಯ ಕಥೆ. ಕೆಲಸ ಎಂದರೆ ಏನೆಂದು ನನಗೆ ಕಲಿಸಿದವಳು ಅವಳು.

ನಿರ್ದೇಶಕ ಅರವಿಂದರು ಬಾದಾಮಿ ಊರಿನವರು. ಅಲ್ಲಿಯ ಮಂಗಗಳ ನಡುವೆ ಆಡಿ ಬೆಳೆದವರು, ಕೂತಲ್ಲಿ ಕೂಡದ ಗುಣ ಅಲ್ಲಿಂದಲೇ ಬಂದಿರಬೇಕು. ಅವರು ಬರೆದ ಕಥೆ ಹೀಗಿತ್ತು. ಕೆಂಪು ಬಂಡೆಗಳ ಒಂದು ಊರು. ಕಲ್ಲಿನ ಮೂರ್ತಿಗೆ ಉಸಿರು ತುಂಬುವ ವಿದ್ಯೆ ಬಲ್ಲ ಒಬ್ಬ ಮುದಿ ಗುರು. ಅವನ ಬಳಿ ಕಲಿಯುವ ಇಬ್ಬರು ಹುಡುಗಿಯರು. ಗುರು ತನ್ನ ಉಳಿಯನ್ನು ಹೊನ್ನಿ ಎಂಬ ನಾಯಕಿಗೆ ಕೊಡುತ್ತಾನೆ. ಕೈಚಳಕದಲ್ಲಿ ಒಂದು ತೂಕ ಹೆಚ್ಚೇ ಇದ್ದ ಇನ್ನೊಬ್ಬಳು ಸಿಟ್ಟಿನಿಂದ ಹೊರಬಿದ್ದು, ಬೆಟ್ಟದ ಕಲ್ಲಾನೆಗಳನ್ನು ಎಬ್ಬಿಸಿ ಊರಿನ ಕೆರೆಯ ಏರಿ ಒಡೆಸುತ್ತಾಳೆ. ಕೊನೆಗೆ ಬಂಡೆಯ ತುದಿಯಿಂದ ಬಿದ್ದು ಸಾಯುತ್ತಾಳೆ.

ಅರವಿಂದರು ಅವಳಿಗೆ ಇಟ್ಟ ಹೆಸರು ಘೋರಾಂಗಿ. ಉಡಿಸಿದ ಸೀರೆ ಕಪ್ಪು. ಮೊದಲ ರೇಖಾಚಿತ್ರಗಳನ್ನು ನಾನು ಮನೆಗೆ ತಂದಾಗ ಹೆಂಡತಿ ನೋಡಿ, "ಕರಿ ಸೀರಿ ಉಟ್ರ ಕೆಟ್ಟಾಕಿ ಏನು? ನಮ್ಮವ್ವ ಸಂಕ್ರಾಂತಿಗೆ ಚಂದ್ರಕಾಳಿ ಉಡ್ತಿದ್ಲು. ಆಕಿ ಏನ ರಾಕ್ಷಸಿ ಆಗಿದ್ಲಾ?" ಎಂದು ಕೇಳಿದಳು. ಅಳಿಯನಾದವನು ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು. ಮರುದಿನ ಸ್ಟುಡಿಯೋಗೆ ಹೋಗಿ ಸೀರೆಯನ್ನು ದಾಳಿಂಬೆ ಬಣ್ಣಕ್ಕೆ ತಿರುಗಿಸಿದೆ. ಬಂಡೆಯ ಕೆಂಪೂ ಅವಳ ಸೀರೆಯ ಕೆಂಪೂ ಒಂದೇ ಆಯಿತು. ನಾಯಕಿಗಿಂತ ಅವಳೇ ಆ ಊರಿನ ಮಗಳಂತೆ ಕಾಣತೊಡಗಿದಳು. ಅರವಿಂದರು ಸ್ವಲ್ಪ ಹೊತ್ತು ಗೊಣಗಿ ಒಪ್ಪಿಕೊಂಡರು. ಸೆರಗನ್ನು ಮಾತ್ರ ನಾನು ಬಿಗಿದು ನಡುವಿಗೆ ಸಿಗಿಸಿದ್ದೆ. ಜಗಳಕ್ಕೆ ನಿಂತ ಹೆಂಗಸು ನಮ್ಮ ಕಡೆ ಹಾಗೆಯೇ ನಿಲ್ಲುತ್ತಾಳೆ.

ದನಿ ಕೊಡಲು ಬಂದವರು ಇಳಕಲ್ಲಿನ ಚಂದ್ರವ್ವ. ನಾಟಕದ ಕಂಪನಿಗಳಲ್ಲಿ ತಲೆ ನರೆಯುವವರೆಗೆ ದುಷ್ಟ ಹೆಂಗಸರ ಪಾತ್ರ ಮಾಡಿದವರು. ಮಲತಾಯಿ, ಗಯ್ಯಾಳಿ ಸವತಿ, ವಿಷ ಹಾಕುವ ನಾದಿನಿ, ಎಲ್ಲವೂ ಅವರೇ. ಕಂಪನಿ ಮುಚ್ಚಿದ ಮೇಲೆ ಕೆಲಸವಿರಲಿಲ್ಲ. ಅವರ ವಯಸ್ಸು ಎಷ್ಟೇ ಇರಲಿ, ದನಿ ಮಾತ್ರ ಹದಿನೆಂಟರ ಹುಡುಗಿಯದಾಗಬಲ್ಲದು, ಎಂಬತ್ತರ ಮುದುಕಿಯದೂ ಆಗಬಲ್ಲದು. ಮೊದಲ ದಿನ ಪಾತ್ರದ ಹೆಸರು ಕೇಳಿದವರೇ ಕನ್ನಡಕ ತೆಗೆದರು.

"ಯಪ್ಪಾ, ಯಾವ ತಾಯಿ ಹಡದ ಮಗಳಿಗೆ ಘೋರಾಂಗಿ ಅಂತ ಹೆಸರಿಡ್ತಾಳ?"

"ಇದು ಕಲ್ಪನಾ ಕಥಿರಿ ಅವ್ವಾರ," ಎಂದರು ಅರವಿಂದ.

"ಕಲ್ಪನಾದಾಗ ತೊಟ್ಟಲಾ ಇರೂದಿಲ್ಲೇನು?"

ಅವತ್ತೇ ಘೋರಾಂಗಿ ಗಂಗಿಯಾದಳು. ಹಾಗೆಂದು ಚಂದ್ರವ್ವ ಹೇಳಿದ್ದೆಲ್ಲ ವೇದವಾಕ್ಯವಾಗಿರಲಿಲ್ಲ. ಮೈಕಿನ ಮುಂದೆ ನಿಂತರೆ ಅವರಿಗೆ ತಗಡಿನ ಥಿಯೇಟರಿನ ಕೊನೆಯ ಸಾಲೇ ಕಾಣುತ್ತಿತ್ತು. ಮೊದಲ ಆರ್ಭಟಕ್ಕೆ ಧ್ವನಿಮುದ್ರಣದ ಹುಸೇನಸಾಬರು ಕಿವಿಯ ಹೆಡ್‌ಫೋನ್ ಕಿತ್ತೆಸೆದು ಎದ್ದು ನಿಂತರು. ಕೆಳಗಿನ ಗೊಬ್ಬರದ ಅಂಗಡಿಯವನು ಯಾರಿಗೋ ಏನೋ ಆಯಿತೆಂದು ಮೆಟ್ಟಿಲು ಹತ್ತಿ ಬಂದ. "ಅಕ್ಕಾರ, ಮೈಕ್ ಇಲ್ಲೇ ಐತ್ರಿ, ಹುನಗುಂದದಾಗ ಇಲ್ಲ," ಎಂದು ಹುಸೇನಸಾಬರು ಕೈಮುಗಿದರು. ಚಂದ್ರವ್ವ ಅದಕ್ಕೂ ಎದುರುತ್ತರ ಕೊಟ್ಟರು, ಆದರೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಈ ಕೆಲಸಕ್ಕೆ ಬರುವವರು ಕಂಪ್ಯೂಟರಿನ ಒಂದು ಗುಂಡಿಯ ಬಗ್ಗೆ ಎಚ್ಚರ ಇರಬೇಕು. ಎಡಕ್ಕೆ ನಡೆಯುವ ಚಿತ್ರವನ್ನು ಬಲಕ್ಕೆ ನಡೆಸಬೇಕಾದರೆ ಈಗ ಮತ್ತೆ ಬರೆಯಬೇಕಿಲ್ಲ, ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಗುಂಡಿಯೊಂದಿದೆ. ಗಂಗಿ ಗುಹೆಯಲ್ಲಿ ಒಬ್ಬಳೇ ಕೂತು ಕಲ್ಲಾನೆಯ ಜೊತೆ ಮಾತಾಡುವ ದೃಶ್ಯದಲ್ಲಿ ನಾವು ಅದನ್ನು ಒತ್ತಿದೆವು. ಸಮಯ ಉಳಿಯಿತು, ಆದರೆ ಅವಳ ಸೆರಗು ಈ ಹೆಗಲಿನಿಂದ ಆ ಹೆಗಲಿಗೆ ಹಾರಿತು. ಆ ದೃಶ್ಯದಲ್ಲಿ ಸೆರಗು ಸಿಗಿಸಿಯೂ ಇರಲಿಲ್ಲ, ಇಳಿಬಿದ್ದಿತ್ತು. ನಮ್ಮ ಹತ್ತು ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.

ಚಂದ್ರವ್ವನಿಗೆ ಕಂಡಿತು. ನಮ್ಮ ಸೀಮೆಯಲ್ಲಿ ಸೆರಗು ಯಾವ ಹೆಗಲಿಗೆ ಬರುತ್ತದೆ ಎಂಬುದು ಮನೆತನದ ರೂಢಿ. ಒಬ್ಬರ ಮನೆಯಲ್ಲಿ ಬಲಕ್ಕೆ, ಇನ್ನೊಬ್ಬರ ಮನೆಯಲ್ಲಿ ಎಡಕ್ಕೆ. ಬಲಕ್ಕೆ ಹೊದೆಯುವವಳು ಒಂದು ಬೆಳಿಗ್ಗೆ ಎದ್ದು ಎಡಕ್ಕೆ ಹೊದೆಯುವುದಿಲ್ಲ. ದನಿ ಕೂಡಿಸುವಾಗ ದೃಶ್ಯಗಳು ಕಥೆಯ ಕ್ರಮದಲ್ಲಿ ಬರುವುದಿಲ್ಲ, ತಯಾರಾದದ್ದು ತಯಾರಾದಂತೆ ಬರುತ್ತವೆ. ಹೀಗಾಗಿ ಅವರು ಪರದೆ ನೋಡಿ ಈಕೆ ಗಂಗಿಯಲ್ಲ, ಬೇರೆ ಯಾರೋ ಎಂದು ತಿಳಿದರು. ಬೇರೆ ಪಾತ್ರಕ್ಕೆ ಬೇರೆ ದನಿ ಕೊಡುವುದು ಅವರ ಕಸುಬು. ಮೆತ್ತಗೆ, ಬೆನ್ನು ಸವರಿದಂತೆ, ಆನೆಗೆ ಹೇಳಿದರು: "ನಿನ್ನ ಕಿವಿ ನಾನ ಕೆತ್ತಿದ್ದು. ಅವರು ಹೇಳಿದ್ದೆಲ್ಲ ಕೇಳಬ್ಯಾಡ."

ಹುಸೇನಸಾಬರು ಯಂತ್ರ ನಿಲ್ಲಿಸುವುದನ್ನು ಮರೆತರು. ಅರವಿಂದರು ಕೂತೇ ಇದ್ದರು, ಅದೇ ಮೊದಲ ಸಲ.

"ಯಾಕ? ತಪ್ಪಾತೇನು?" ಎಂದರು ಚಂದ್ರವ್ವ. "ಈಕಿ ಗಂಗಿ ತಂಗಿ ಹೌದಲ್ಲೋ?"

"ಅಕ್ಕಾರ, ಆಕಿ ಗಂಗೀನರಿ," ಎಂದೆ ನಾನು.

"ಹಂಗಾರ ಆಕಿ ಸೆರಗು ಸರಿ ಮಾಡ್ರಿ ಮಾಸ್ತರ. ಮತ್ತ ಹೇಳ್ತೇನಿ, ಆ ಜೋರ ದನಿಯಾಗ."

ಸೆರಗು ಸರಿ ಮಾಡಿದೆ. ದನಿಯನ್ನು ಅರವಿಂದರು ಮುಟ್ಟಗೊಡಲಿಲ್ಲ. ಅಲ್ಲಿಯವರೆಗೆ ನಮ್ಮ ಗಂಗಿ ಬರಿಯ ಅಬ್ಬರ ಆಗಿದ್ದಳು. ಆ ಒಂದು ಮಾತಿನಿಂದ ಅವಳು ಒಬ್ಬಳೇ ಇದ್ದಾಗ ಹೇಗಿರುತ್ತಾಳೆಂದು ನಮಗೆ ತಿಳಿಯಿತು. ನಾನು ಹಿಂದಿನ ದೃಶ್ಯಗಳಿಗೆಲ್ಲ ಮರಳಿ ಹೋದೆ. ಗುರು ಉಳಿಯನ್ನು ಹೊನ್ನಿಗೆ ಕೊಡುವಾಗ ಗಂಗಿ ಹಲ್ಲು ಕಡಿಯುತ್ತಿದ್ದಳು. ಹಲ್ಲು ತೆಗೆದುಹಾಕಿ, ಅವಳು ತನ್ನ ಬೆರಳಿಗೆ ಮೆತ್ತಿದ ಕಲ್ಲಿನ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುವಂತೆ ಬರೆದೆ. ಉಳಿ ತನಗೇ ಸಿಗುತ್ತದೆಂದು ಕೈ ಚೊಕ್ಕ ಮಾಡಿಕೊಂಡಿದ್ದಳು ಪಾಪ. ಎದುರಾಳಿ ಬೆಳೆಯುವುದೆಂದರೆ ಇಷ್ಟೇ. ಕೆಟ್ಟವಳು ಒಳ್ಳೆಯವಳಾಗುವುದಲ್ಲ, ನೋಡುವವರಿಗೆ ಅವಳ ಹಸಿವು ತಿಳಿಯುವುದು.

ಕೊನೆಯ ದೃಶ್ಯದ ಮುದ್ರಣದ ದಿನ ಬಂತು. ಗಂಗಿ ಬಂಡೆಯ ತುದಿಯಲ್ಲಿ ಜಾರಿ ಕೂಗುತ್ತ ಕೆರೆಗೆ ಬೀಳಬೇಕು. ಉಳಿದದ್ದೆಲ್ಲ ಮುಗಿದಿತ್ತು, ಆ ಒಂದು ಕೂಗು ಮಾತ್ರ ಬಾಕಿ. ಚಂದ್ರವ್ವ ಮೈಕಿನ ಮುಂದೆ ನಿಂತು ಪರದೆಯನ್ನು ನೋಡಿದರು, ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿ ಇಟ್ಟರು.

"ನಾ ಬೀಳೂದಿಲ್ಲ," ಎಂದರು.

ಅರವಿಂದರು ಮೊದಲು ನಕ್ಕರು. ಆಮೇಲೆ ವಿವರಿಸಿದರು. ಹಣ ಹಾಕಿದವರು ಇಳಕಲ್ಲಿನ ಗ್ರಾನೈಟ್ ಸಾವ್ಕಾರರು. ಒಳ್ಳೆಯ ಮನುಷ್ಯ, ಆದರೆ ಅವರದು ಒಂದೇ ಹಟ: ಕೆಟ್ಟಾಕಿ ಬೀಳಬೇಕು, ಹುಡುಗರು ಚಪ್ಪಾಳೆ ಹೊಡೆಯಬೇಕು. ಅದಿಲ್ಲದಿದ್ದರೆ ಚಿತ್ರ ಹೊರಗೆ ಬರುವುದಿಲ್ಲ.

"ಬ್ಯಾಡಂದ್ರ ನಾವು ಬ್ಯಾರೆ ದನಿ ಹುಡಕಬೇಕಾಗ್ತದರಿ ಅವ್ವಾರ. ಒಂದ ಕೂಗಿಗೆ ಅಲ್ಲ, ಇಡೀ ಪಾತ್ರಕ್ಕ."

"ಹುಡಕ್ರಿ," ಎಂದು ಚಂದ್ರವ್ವ ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದೇಬಿಟ್ಟರು. ಅವರ ದನಿ ಇಲ್ಲದ ಗಂಗಿ ನನಗೆ ಬೇಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಪಾತ್ರ ಕೈಬಿಟ್ಟರೆ ಆ ಹೆಂಗಸಿಗೆ ಇನ್ನೊಂದು ಸಿಗುವುದಿಲ್ಲವೆಂದು ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ.

ಬಸ್ ಸ್ಟ್ಯಾಂಡಿನಲ್ಲಿ ಇಳಕಲ್ ಬಸ್ಸಿಗೆ ಜನ ಮುತ್ತಿದ್ದರು. ಚಂದ್ರವ್ವ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದಿದ್ದರು. ಒಳಗೆ ಹೋದರೆ ಆ ಟವೆಲಿನ ಮೇಲೆಯೇ ಇನ್ನೊಬ್ಬ ಹೆಣ್ಣುಮಗಳು ಉಳ್ಳಾಗಡ್ಡಿಯ ಗಂಟು ಇಟ್ಟು ಕೂತಿದ್ದಳು. ಇಬ್ಬರೂ ಸೆರಗು ಸಿಗಿಸಿದರು. ಬಸ್ಸು ಹೊರಡುವುದನ್ನು ಬಿಟ್ಟು ಕಂಡಕ್ಟರ್ ಕೂಡ ನೋಡುತ್ತ ನಿಂತ. "ನಿನ್ನ ಹೆಸರ ಬರದಾರೇನ ಸೀಟಿಗೆ?" "ಟವೆಲ್ ಕಣ್ಣಿಗೆ ಕಾಣಲಿಲ್ಲೇನ ನಿನಗ?" ಎಂದು ಜಗಳ ಏರಿಕೆಯಲ್ಲಿದ್ದಾಗ ಗಂಟು ಬಿಚ್ಚಿ ಉಳ್ಳಾಗಡ್ಡಿ ಬಸ್ಸಿನ ತುಂಬ ಉರುಳಿದವು. ಚಂದ್ರವ್ವ ಮಾತು ಅರ್ಧಕ್ಕೆ ಬಿಟ್ಟು ಬಗ್ಗಿ ಆರಿಸತೊಡಗಿದರು. ಆರಿಸುತ್ತ ಬೈದರು, ಬೈಯುತ್ತ ಆರಿಸಿದರು. ಕೊನೆಗೆ ಗಂಟು ಕಟ್ಟಿ ಅವಳ ಮಡಿಲಿಗೆ ಇಟ್ಟು, ಇಬ್ಬರೂ ಒತ್ತಿಕೊಂಡು ಒಂದೇ ಸೀಟಿನಲ್ಲಿ ಕೂತರು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ.

ಊರು ದಾಟಿದ ಮೇಲೆ ಕೇಳಿದೆ: "ಅಕ್ಕಾರ, ಬರೇ ಒಂದ ಕೂಗು. ಯಾಕ ಒಲ್ಲೆ ಅಂದ್ರಿ?"

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಕಂಪನ್ಯಾಗ ದಿನಾ ಸಾಯ್ತಿದ್ದೆ ಮಾಸ್ತರ. ಚೂರಿ, ವಿಷ, ಬೆಂಕಿ, ಎಲ್ಲಾ ಆಗೇತಿ. ನನ್ನ ಮಗಳು ಸುಮಿತ್ರಾ ಆವಾಗ ಸಣ್ಣಾಕಿ. ಪರದೆ ಬಾಜೂಕ ನಿಂತ ನೋಡಾಕಿ. ನಾ ಬಿದ್ದ ಕೂಡ್ಲೇ ಹೋ ಅಂತ ಅಳ್ತಿದ್ಲು. ನಾ ಎದ್ದ ಬಂದು ಎತ್ತಿಕೊಂಡ್ರ, ಜೀವ ಐತೇನಂತ ಮಾರಿ ಮುಟ್ಟಿ ಮುಟ್ಟಿ ನೋಡಾಕಿ. ಹಿಂಗ ದಿನಾ. ಆಮ್ಯಾಲ ಅಳೂದ ಬಿಟ್ಲು. ರೂಢಿ ಆತು ಅಂತ ನಾನೂ ಸುಮ್ಮನಾದೆ." ಟವೆಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. "ಒಂದಿನ ನಾ ಸಾಯಾಕತ್ತೇನಿ, ಮಂದಿ ಎಲ್ಲಾ ಚಪ್ಪಾಳಿ. ಬಾಜೂಕ ನೋಡ್ತೇನಿ, ನನ್ನ ಕೂಸೂ ಚಪ್ಪಾಳಿ ಹೊಡ್ಯಾಕತ್ತಿತ್ತು."

ಉಳ್ಳಾಗಡ್ಡಿಯವಳು "ಅಯ್ಯ ಶಿವನ" ಎಂದು ಅವರ ಕೈ ಹಿಡಿದುಕೊಂಡಳು. ಈಗ ಸುಮಿತ್ರಾ ಬಾದಾಮಿಯ ದವಾಖಾನೆಯಲ್ಲಿ ನರ್ಸ್, ತಾಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಆದರೆ ದೊಡ್ಡವಳಾದ ಮೇಲೆ ತಾಯಿಯ ಒಂದು ನಾಟಕಕ್ಕೂ ಬರಲಿಲ್ಲವಂತೆ.

"ಹಂಗಾರ ಹೊನ್ನಿ ಆಕೀನ ಕೈ ಹಿಡದ ಮ್ಯಾಲ ಎಳೀತಾಳ ಅಂತ ಮಾಡೋಣು," ಎಂದೆ.

"ಎಳದ ಮ್ಯಾಲ? ಗಂಗಿ ಆಕಿ ಕಾಲಿಗೆ ಬೀಳಬೇಕೇನು? ಅದಕ್ಕಿಂತ ಸತ್ತದ್ದ ಚೊಲೊ."

ನಾನು ಅವರನ್ನು ನೋಡಿದೆ. ಜಗಳ ಮುಗಿದು ಎಷ್ಟೋ ಹೊತ್ತಾಗಿತ್ತು, ಅವರ ಸೆರಗು ಮಾತ್ರ ಇನ್ನೂ ನಡುವಿಗೆ ಸಿಗಿಸಿದ ಹಾಗೇ ಇತ್ತು. ಬೈಯಲು ಸಿಗಿಸಿದ ಸೆರಗಿನಲ್ಲೇ ಅವರು ಉಳ್ಳಾಗಡ್ಡಿ ಆರಿಸಿದ್ದರು. ಹೆಂಗಸು ಸೆರಗು ಬಿಗಿಯುವುದು ಜಗಳಕ್ಕಷ್ಟೇ ಅಲ್ಲ, ಕೆಲಸಕ್ಕೂ ಹಾಗೇ ಬಿಗಿಯುತ್ತಾಳೆ. ಇಷ್ಟು ವರ್ಷ ಎದುರಾಳಿಗಳನ್ನು ಬರೆದವನಿಗೆ ಇದು ಹೊಳೆದಿರಲಿಲ್ಲ.

ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಕಾಗದ ಇರಲಿಲ್ಲ. ಮಿಠಾಯಿ ಅಂಗಡಿಯಲ್ಲಿ ಕರದಂಟು ಕಟ್ಟಿಸಿಕೊಂಡು, ಡಬ್ಬಿಯ ಮುಚ್ಚಳದ ಒಳಮೈಯಲ್ಲಿ ಪೆನ್ನಿನಿಂದ ಚೌಕಗಳನ್ನು ಹಾಕಿ ಬರೆದೆ. ಗಂಗಿ ತುದಿಯಲ್ಲಿ ನೇತಾಡುತ್ತಾಳೆ. ಹೊನ್ನಿ ಹಿಡಿದು ಎಳೆಯುತ್ತಾಳೆ. ಗಂಗಿ ಮೇಲೆ ಬರುತ್ತಾಳೆ, ಕಾಲಿಗೆ ಬೀಳುವುದಿಲ್ಲ, ಅಳುವುದಿಲ್ಲ. ಒಡೆದ ಏರಿಯನ್ನು ನೋಡುತ್ತಾಳೆ. ಸಡಿಲಾದ ಸೆರಗನ್ನು ಮತ್ತೆ ನಡುವಿಗೆ ಸಿಗಿಸುತ್ತಾಳೆ. ಕಲ್ಲೊಂದನ್ನು ಎತ್ತುತ್ತಾಳೆ.

ಮುಂದಿನ ಬಸ್ಸಿಗೆ ತಿರುಗಿ ಬಂದು ಡಬ್ಬಿಯನ್ನು ಅರವಿಂದರ ಮುಂದೆ ಇಟ್ಟೆ. ಅವರು ಮೊದಲು ಕರದಂಟು ತಿಂದರು, ಆಮೇಲೆ ಮುಚ್ಚಳ ನೋಡಿದರು. ಮತ್ತೊಂದು ತುಂಡು ತಿಂದು ಮತ್ತೆ ನೋಡಿದರು.

"ಸಾವ್ಕಾರ್ರು ಏನಂತಾರೋ," ಎಂದರು.

"ಬೈತಾರ."

"ಬೈಲಿ. ಬೈಸಿಕೊಳ್ಳಾಕ ನಾ ಅದೇನಿ. ನೀವು ತೆಗೀರಿ."

ಒಳ್ಳೆಯ ಮೇಲಧಿಕಾರಿ ಎಂದರೆ ಯಾರೆಂದು ಹುಡುಗರು ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ಸಾವ್ಕಾರರು ಬೈದದ್ದೂ ಆಯಿತು. "ಕೆಟ್ಟಾಕಿ ಸಾಯಲಿಲ್ಲಂದ್ರ ಕಥಿ ಮುಗದದ್ದ ಹುಡುಗ್ರಿಗೆ ಹೆಂಗ ಗೊತ್ತಾಗಬೇಕ್ರಿ?" ಎಂದು ಅವರ ತಕರಾರು. ಕೊನೆಗೆ ಒಂದು ಒಪ್ಪಂದವಾಯಿತು: ಇಳಕಲ್ಲಿನ ಟಾಕೀಸಿನಲ್ಲಿ ಶಾಲೆಯ ಮಕ್ಕಳನ್ನು ಕೂಡಿಸಿ ತೋರಿಸುವುದು. ಮಕ್ಕಳು ಒಪ್ಪದಿದ್ದರೆ ಗಂಗಿ ಬೀಳುತ್ತಾಳೆ, ಬೇರೆಯವರ ದನಿಯಲ್ಲಿ.

ಹೊಸ ಕೊನೆಯ ಸುದ್ದಿ ಕಳಿಸಿದ ಮೇಲೆ ಚಂದ್ರವ್ವ ಮರಳಿ ಬಂದು ಆ ದೃಶ್ಯಕ್ಕೆ ದನಿ ಕೊಟ್ಟರು. ಕೂಗಿನ ಜಾಗದಲ್ಲಿ ಈಗ ಒಂದೇ ಒಂದು ಮಾತು ಇತ್ತು. ಅದನ್ನು ಬರೆದವರು ಅರವಿಂದ, ಅದಕ್ಕೆ ಜೀವ ತುಂಬಿದವರು ಚಂದ್ರವ್ವ.

ಪ್ರದರ್ಶನದ ದಿನ ಟಾಕೀಸು ಗಿಜಿಗುಟ್ಟುತ್ತಿತ್ತು. ಸಾವ್ಕಾರರು ಮುಂದೆ, ಪರದೆಗೆ ಬೆನ್ನು ಹಾಕಿ ಮಕ್ಕಳ ಮುಖ ನೋಡುತ್ತ ಕೂತರು. ಹಿಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ಚಂದ್ರವ್ವ, ಅವರ ಆಚೆ ಸುಮಿತ್ರಾ. ಡ್ಯೂಟಿ ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದಿದ್ದಳು. ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು, ಯಾವಾಗ ಬೇಕಾದರೂ ಎದ್ದು ಹೋಗುವವಳಂತೆ ಕೂತಿದ್ದಳು.

ಮಕ್ಕಳು ಗಂಗಿಗೆ ಮೊದಲು ಚೆನ್ನಾಗಿ ಬೈದರು. ಗುಹೆಯ ದೃಶ್ಯಕ್ಕೆ ಗದ್ದಲ ಕಡಿಮೆಯಾಯಿತು. ಏರಿ ಒಡೆದಾಗ ಮತ್ತೆ ಬೈದರು. ಆಮೇಲೆ ಅವಳು ಬಂಡೆಯ ತುದಿಯಲ್ಲಿ ಜಾರಿದಳು, ಒಂದು ಕೈಯಲ್ಲಿ ನೇತಾಡಿದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೂರನೆಯ ಸಾಲಿನಿಂದ ಒಂದು ಕೀರಲು ದನಿ ಬಂತು: "ಏ ಹೊನ್ನೀ, ಹಿಡೀ ಆಕೀನ!" ಅದರ ಹಿಂದೆಯೇ ಇಡೀ ಟಾಕೀಸು "ಹಿಡೀ, ಹಿಡೀ" ಎಂದು ಕೂಗತೊಡಗಿತು. ಹೊನ್ನಿ ಹಿಡಿದಳು. ಗಂಗಿ ಮೇಲೆ ಬಂದಳು, ಸೆರಗು ಸಿಗಿಸಿದಳು, ಕಲ್ಲು ಎತ್ತಿ ಹೊನ್ನಿಯ ಕಡೆ ತಿರುಗಿ, "ನಿಂತ ಏನ ನೋಡ್ತಿ? ಆ ಕಡೆ ಹಿಡಿ" ಎಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾವ್ಕಾರರು ಒಮ್ಮೆ ಹಿಂದೆ ತಿರುಗಿ ಪರದೆ ನೋಡಿದರು, ಮತ್ತೆ ಮಕ್ಕಳನ್ನು ನೋಡಿದರು, ಅರವಿಂದರಿಗೆ ಆಗಲಿ ಎಂದು ತಲೆ ಆಡಿಸಿದರು.

ಚಂದ್ರವ್ವ ಇದ್ಯಾವುದನ್ನೂ ನೋಡಲಿಲ್ಲ. ಅವರು ಪರದೆಯನ್ನೇ ನೋಡುತ್ತಿರಲಿಲ್ಲ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, ಕಿವಿಯ ಹತ್ತಿರ ಬಂದು, "ಮಾಸ್ತರ, ಅಳಾಕತ್ತಾಳ್ರಿ," ಎಂದರು. ಮಗಳು ಅತ್ತದ್ದಕ್ಕೆ ತಾಯಿಯೊಬ್ಬಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ದೀಪ ಹತ್ತಿದ ಮೇಲೆ ಸುಮಿತ್ರಾ ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟು ಬಂದವಳ ಹಾಗೆ ತಾಯಿಯ ಕಡೆ ತಿರುಗಿದಳು. "ಏನಬೇ ಯವ್ವಾ, ಮತ್ತ ಸಾಯ್ತಿ ಅಂದ್ಕೊಂಡಿದ್ದೆ."

"ಈ ಸಲ ನಾ ಒಲ್ಲೆ ಅಂದೆ," ಎಂದರು ಚಂದ್ರವ್ವ. ಸುಮಿತ್ರಾ ಕೈ ಚಾಚಿ ತಾಯಿಯ ಮುಖವನ್ನು ಮುಟ್ಟಿ ನೋಡಿದಳು.